ಎಡಗಡೆಯ ಬ್ರೇಕ್

ಕಾರಿಗೆ ಅಪಘಾತ ಆಗುವುದು ಒಂದೇ ಕ್ಷಣದ ಕೆಲಸ. ಅದು ಮುಗಿದ ಮೇಲೆ ರಿಪೇರಿ ಅಂತ ಒಂದು ಶುರುವಾಗುತ್ತದಲ್ಲ, ಅದರಲ್ಲಿ ಏನಾದರೊಂದು ಸಂಗತಿ ನಡೆಯುತ್ತಲೇ ಇರುತ್ತದೆ. ಇದಕ್ಕೆ ನಗಬೇಕೋ ಅಳಬೇಕೋ ಎಂದು ತೀರ್ಮಾನಿಸುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮಣಿಪಾಲದ ಒಂದು ಬ್ಯಾಂಕಿನಲ್ಲಿ ಕ್ಲಾರ್ಕ್, ಮನೆ ಕಾಪುವಿನಲ್ಲಿ. ವರ್ಷಗಟ್ಟಲೆ ಉಡುಪಿಯಲ್ಲಿ ಬಸ್ಸು ಬದಲಿಸಿ, ಫುಟ್‌ಬೋರ್ಡಿನಲ್ಲಿ ಒಂದು ಕಾಲಿಟ್ಟು ಓಡಾಡಿ ಸಾಕಾಗಿ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಊರವರೆಲ್ಲ ನಕ್ಕರು. ನಗಲಿ ಎಂದು ಒಂದು ಸೆಕೆಂಡ್ ಹ್ಯಾಂಡ್ ಬಿಳಿ ಮಾರುತಿ ಕಾರನ್ನೂ ತೆಗೆದುಕೊಂಡೆ.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಮಾಸ್ಟ್ರು. ಅವರಿಗೆ ಕಾರು ಬಿಡಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಆದರೆ ನನ್ನ ಎಡಗಡೆಯ ಸೀಟಿನಲ್ಲಿ ಕುಳಿತರೆ ಸಾಕು, ದೂರದಲ್ಲಿ ಒಂದು ಸೈಕಲ್ ಕಂಡರೂ ಬಲಗಾಲಿನಿಂದ ನೆಲವನ್ನು ಒತ್ತಿ ಹಿಡಿಯುತ್ತಿದ್ದರು. ಅಲ್ಲಿ ಬ್ರೇಕ್ ಇಲ್ಲ ಎಂದು ಅವರಿಗೆ ಗೊತ್ತಿತ್ತು, ಅವರ ಕಾಲಿಗೆ ಗೊತ್ತಿರಲಿಲ್ಲ.

೧. ಬಂಗುಡೆ

ಮೇ ತಿಂಗಳ ಒಂದು ಭಾನುವಾರ ಬ್ರಹ್ಮಾವರದ ನೆಂಟರ ಮನೆಯಲ್ಲಿ ಊಟ ಮಾಡಿ ವಾಪಸು ಬರುತ್ತಿದ್ದೆವು. ಸಂತೆಕಟ್ಟೆಯಲ್ಲಿ ವಾಹನಗಳೆಲ್ಲ ನಿಂತಿದ್ದವು, ನಾನೂ ನಿಲ್ಲಿಸಿದೆ. ನನ್ನ ಮುಂದೆ ಒಂದು ಮೀನಿನ ಟೆಂಪೋ. ಆ ಪುಣ್ಯಾತ್ಮನಿಗೆ ಏನು ಅವಸರವೋ, ಒಳದಾರಿಯಲ್ಲಿ ಹೋಗುವ ಅಂತ ರಿವರ್ಸ್ ಹಾಕಿದ. ನಾನು ಹಾರ್ನ್ ಮಾಡುತ್ತಲೇ ಇದ್ದೆ, ಅವನು ಬರುತ್ತಲೇ ಇದ್ದ. ಬಾನೆಟ್ ಮಡಚಿತು, ಗಾಜು ಪುಡಿಯಾಯಿತು, ಟೆಂಪೋದ ಮೇಲಿದ್ದ ಒಂದು ಕ್ರೇಟ್ ಜಾರಿ ಐಸಿನ ಸಮೇತ ನಮ್ಮ ಮಡಿಲಿಗೆ ಬಂತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಯಜಮಾನರ ಕನ್ನಡಕದ ಮೇಲೆ ಒಂದು ಬಂಗುಡೆ ಮೀನು ಕೂತಿತ್ತು ಅಷ್ಟೇ.

ಜನ ಸೇರಿದರು. ನಾನು ಸೀಟಿನಲ್ಲೇ ಕುಳಿತು ಮಡಿಲಿನ ಐಸು ಕೊಡವುತ್ತಿದ್ದೆ. ಚೀಲ ಹಿಡಿದ ಹಿರಿಯರೊಬ್ಬರು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು, ಒಡೆದ ಗಾಜಿನೊಳಗೆ ತಲೆ ಹಾಕಿ ಬಹಳ ಕನಿಕರದಿಂದ ನೋಡಿದರು. ಇವರಾದರೂ ಒಂದು ಸಮಾಧಾನದ ಮಾತು ಹೇಳಿಯಾರು ಎಂದುಕೊಂಡೆ.

"ಫ್ರೆಶ್ ಉಂಟಾ ಅಕ್ಕ?" ಎಂದರು. "ಕೇಜಿಗೆ ಹೇಗೆ?"

ಆ ಹೊತ್ತಿಗೆ ಯಜಮಾನರು ಹೊರಗಿಳಿದು ಸಾಕ್ಷಿ ಹೇಳಲು ಶುರು ಮಾಡಿದ್ದರು. "ನಾನು ಬ್ರೇಕ್ ಒತ್ತಿದೆ ಮಾರಾಯ್ರೆ, ಗಟ್ಟಿಯಾಗಿ ಒತ್ತಿದೆ. ಹಿಡಿಯಲೇ ಇಲ್ಲ!"

ನಿಂತಿದ್ದ ಕಾರಿಗೆ!

ಅದೇ ಸಂಜೆ ಅವರು ತೀರ್ಪು ಕೊಟ್ಟರು. "ಇದನ್ನು ಇದ್ದ ಹಾಗೆಯೇ ಮಾರಿಬಿಡುವ. ಉಡುಪಿಯಲ್ಲಿ ನನ್ನ ಗುರ್ತದ ಬ್ರೋಕರ್ ಒಬ್ಬ ಇದ್ದಾನೆ. ನಿನಗೂ ಬಸ್ಸು ಉಂಟಲ್ಲ."

ಬಸ್ಸು ಎಂಬ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. "ಮಾರುವುದಿಲ್ಲ. ರಿಪೇರಿ ಮಾಡಿಸಿ ನಾನೇ ಬಿಡುತ್ತೇನೆ," ಎಂದೆ.

"ಹಾಗಾದರೆ ಡಿಸೆಂಬರ್ ಒಳಗೆ ತಂದು ಅಂಗಳದಲ್ಲಿ ನಿಲ್ಲಿಸು. ಇಲ್ಲದಿದ್ದರೆ ಬ್ರೋಕರಿಗೆ."

"ಆಗಲಿ," ಎಂದೆ. ಮೇಯಿಂದ ಡಿಸೆಂಬರ್ ಎಂದರೆ ಅರ್ಧ ವರ್ಷ. ಅಷ್ಟು ದಿನ ಬೇಕೇ ಎಂದು ಮನಸ್ಸಿನಲ್ಲೇ ನಕ್ಕಿದ್ದೆ ಕೂಡ.

೨. ಬಾಣಂತಿ

ಕಾರನ್ನು ಮೊದಲು ಉಡುಪಿಯ ಒಂದು ಗ್ಯಾರೇಜಿಗೆ ಹಾಕಿದೆವು. ಇನ್ಶೂರೆನ್ಸ್ ಸರ್ವೆಯರ್ ಬಂದು ನೋಡುವವರೆಗೆ ಒಂದು ಬೋಲ್ಟನ್ನೂ ಮುಟ್ಟುವಂತಿಲ್ಲ ಎಂದರು ಗ್ಯಾರೇಜಿನ ಮಾಲೀಕರು. ಸರ್ವೆಯರ್ ಇವತ್ತು ಕುಂದಾಪುರ, ನಾಳೆ ಮಂಗಳೂರು. ನಾನು ದಿನಾ ಬ್ಯಾಂಕ್ ಮುಗಿಸಿ ಗ್ಯಾರೇಜಿಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನ್ನ ಕಾಟಕ್ಕೇ ಕೊನೆಗೊಂದು ದಿನ ಸರ್ವೆಯರ್ ಬಂದರು.

ಅಷ್ಟರಲ್ಲಿ ಕಾರಿನ ಒಳಗೆ ಬೇರೆಯೇ ಸಂಸಾರ ಶುರುವಾಗಿತ್ತು. ಬಂಗುಡೆಯ ವಾಸನೆಗೆ ಆ ಬೀದಿಯ ಬೆಕ್ಕುಗಳೆಲ್ಲ ಬಂದು ಹೋಗುತ್ತಿದ್ದವು. ಅದರಲ್ಲಿ ಒಂದು ಹೋಗಲೇ ಇಲ್ಲ, ಹಿಂದಿನ ಸೀಟಿನಲ್ಲಿ ಮರಿ ಹಾಕಿ ಮಲಗಿತ್ತು. ಸರ್ವೆಯರ್ ಬಾಗಿಲು ತೆಗೆದು ಬಗ್ಗಿದರು, ಬೆಕ್ಕು ಫುಸ್ ಎಂದಿತು. ಅವರು ಹಾರಿ ಹಿಂದೆ ಬಂದು ನನ್ನನ್ನು ಕೇಳಿದರು: "ಮೇಡಂ, ಅಪಘಾತ ಆಗುವಾಗ ಇವೆಲ್ಲ ಕಾರಿನಲ್ಲಿ ಇದ್ದವಾ?"

ಸರ್ವೆ ಆಯಿತು, ಅನುಮತಿಯೂ ಬಂತು. ಇನ್ನು ಕೆಲಸ ಶುರು ಮಾಡಿ ಎಂದು ಮಾಲೀಕರಿಗೆ ಹೇಳಿದೆ. ಅವರು ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು.

"ಈಗ ಸುತ್ತಿಗೆ ಹಿಡಿಯಲಿಕ್ಕೆ ಆಗುವುದಿಲ್ಲ ಅಕ್ಕ. ಒಳಗೆ ಬಾಣಂತಿ ಉಂಟಲ್ಲ."

೩. ಮ್ಯಾಟಿನ ತೂತು

ಬಾಣಂತಿಯನ್ನು ನಾನೇ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮರಿಗಳ ಸಮೇತ ಮಾಲೀಕರ ಮೇಜಿನ ಕೆಳಗೆ ವರ್ಗ ಮಾಡಿದೆ. ಆದರೂ ಕೆಲಸ ಶುರುವಾಗಲಿಲ್ಲ. ತಗಡು ಬಡಿಯುವವನು ಮಸ್ಕತ್ತಿಗೆ ಹೋಗಿಬಿಟ್ಟಿದ್ದ. ಬ್ಯಾಂಕಿನಲ್ಲಿ ಯಾರೋ ಹೇಳಿದರು: ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಒಬ್ಬ ಟಿಂಕರ್ ಇದ್ದಾನೆ, ಅವನು ಬಡಿದ ತಗಡು ಕಂಪೆನಿಯಿಂದ ಬಂದ ಹಾಗೆ ಇರುತ್ತದೆ, ಆದರೆ ಸ್ವಲ್ಪ ನಿಧಾನ. ನಿಧಾನ ಎಂಬ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಜೀಪಿಗೆ ಹಗ್ಗ ಕಟ್ಟಿ ಕಾರನ್ನು ಅಲ್ಲಿಗೆ ಎಳೆಸಿದೆ.

ಟಿಂಕರ್ ಮೂವತ್ತು ಮೂವತ್ತೈದರ ಆಸಾಮಿ, ಮೆಲುದನಿ, ನಗುಮುಖ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಕಷ್ಟ. ಕಾರಿಗೆ ಎರಡು ಸುತ್ತು ಬಂದು, ಬಾನೆಟ್ ತಟ್ಟಿ, ಒಳಗೆ ಬಗ್ಗಿ ಎಡಗಡೆಯ ನೆಲವನ್ನು ಬಹಳ ಹೊತ್ತು ನೋಡಿದ.

"ಅಕ್ಕ, ಇದು ಮೊದಲು ಡ್ರೈವಿಂಗ್ ಸ್ಕೂಲಿನ ಕಾರಾ?"

"ಅಲ್ಲಪ್ಪ. ಯಾಕೆ?"

"ಅಲ್ಲ, ಎಡಬದಿಯ ಮ್ಯಾಟ್ ತೂತಾಗಿದೆ. ಡ್ರೈವಿಂಗ್ ಕಲಿಸುವವರ ಕಾರಿನಲ್ಲಿ ಅಲ್ಲಿಯೂ ಬ್ರೇಕ್ ಉಂಟಲ್ಲ, ಅಲ್ಲೇ ಸವೆಯುವುದು."

ಜೊತೆಗೆ ಬಂದಿದ್ದ ಯಜಮಾನರು ತಟ್ಟನೆ ತಿರುಗಿ ಎದುರಿನ ತೆಂಗಿನಮರದಲ್ಲಿ ಎಷ್ಟು ಕಾಯಿ ಇದೆ ಎಂದು ನೋಡತೊಡಗಿದರು.

೪. ಫ್ಯಾನಿನ ಪ್ರಯಾಣ

ತಗಡಿನ ಕೆಲಸ ನಿಜಕ್ಕೂ ಚೆನ್ನಾಗಿ ಆಯಿತು. ಅಷ್ಟರಲ್ಲಿ ಮಳೆಗಾಲ ಹಿಡಿದುಕೊಂಡಿತು. ನಮ್ಮೂರಿನ ಮಳೆಯಲ್ಲಿ ಕಾರಿಗೆ ಬಣ್ಣ ಹೊಡೆದರೆ ಒಣಗುವುದಿಲ್ಲ, ಮಂಕು ಹಿಡಿಯುತ್ತದೆ. ಬಣ್ಣ ಹೊಡೆಯುವವನು ಬಾಗಲಕೋಟೆ ಕಡೆಯವನು. ಶೆಡ್ಡಿನ ಬಾಗಿಲಲ್ಲಿ ಕುಳಿತು ಮಳೆಯನ್ನೇ ನೋಡುತ್ತಿದ್ದ.

"ನಮ್ಮ ಕಡೆ ಬಣ್ಣ ಹೊಡದು ಚಾ ಕುಡಿದು ಬರೂದ್ರಾಗ ಒಣಗಿರತೈತ್ರಿ ಅಕ್ಕಾರ. ನಿಮ್ಮೂರಾಗ ಮಳಿ ನಿಲ್ಲಂಗಿಲ್ಲೇನ್ರಿ?"

ಪ್ರತಿ ಶನಿವಾರ ಬ್ಯಾಂಕಿಗೆ ಅರ್ಧ ದಿನ. ಮಧ್ಯಾಹ್ನ ಬಸ್ಸು ಹಿಡಿದು ಕುಕ್ಕುಂದೂರಿಗೆ ಹೋಗಿ ಶೆಡ್ಡಿನಲ್ಲಿ ಒಂದು ಸ್ಟೂಲ್ ಹಾಕಿ ಕುಳಿತುಬಿಡುತ್ತಿದ್ದೆ. ಬೈಯುತ್ತಿರಲಿಲ್ಲ, ಜಗಳ ಮಾಡುತ್ತಿರಲಿಲ್ಲ, ಸುಮ್ಮನೆ ಕುಳಿತು ನೋಡುತ್ತಿದ್ದೆ. ಬೈಗುಳಕ್ಕಿಂತ ಅದಕ್ಕೇ ಅವರು ಹೆಚ್ಚು ಹೆದರುತ್ತಿದ್ದರು. ಒಂದು ವಾರ ನನಗೇ ಒಂದು ಉಪಾಯ ಹೊಳೆಯಿತು. ಮನೆಯ ಟೇಬಲ್ ಫ್ಯಾನನ್ನು ಎತ್ತಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರ್ ನನ್ನನ್ನೂ ನೋಡಿದ, ಪಕ್ಕದ ಸೀಟಿನಲ್ಲಿದ್ದ ಫ್ಯಾನನ್ನೂ ನೋಡಿದ. "ಮಡಿಲಲ್ಲಿ ಕೂರಿಸಿಕೊಂಡರೆ ಟಿಕೆಟ್ ಬೇಡ ಅಕ್ಕ. ಸೀಟಿನಲ್ಲಿ ಕೂತರೆ ಹಾಫ್ ಟಿಕೆಟ್," ಎಂದ. ಕುಕ್ಕುಂದೂರಿನವರೆಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಹೋದೆ. ಪ್ರತಿ ತಿರುವಿನಲ್ಲೂ ಅದು ತಲೆ ಆಡಿಸುತ್ತಿತ್ತು.

ಮರುವಾರ ಆಸೆಯಿಂದ ಹೋದರೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಅದರ ಎದುರಿಗೆ ಕಾರಿನ ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಂದು ಹಗ್ಗ, ಹಗ್ಗದ ತುಂಬ ಬಟ್ಟೆ.

"ಬಣ್ಣ ಏನಾಯಿತು?" ಎಂದೆ.

ಬಣ್ಣದವನು ಬೆರಳಿನಿಂದ ಕಾರನ್ನು ಮುಟ್ಟಿ ನೋಡಿದ. "ಬಣ್ಣ ಇನ್ನೂ ಒಣಗಿಲ್ರಿ ಅಕ್ಕಾರ. ಅಂಗಿ ಮಾತ್ರ ಭಾಳ ಚಲೋ ಒಣಗ್ಯಾವ!"

೫. ದಿಬ್ಬಣ

ಮಳೆ ನಿಂತಿತು, ಬಣ್ಣ ಒಣಗಿತು. ಇನ್ನಾದರೂ ಕಾರು ಬಂತೋ ಎಂದರೆ ಇಲ್ಲ. ಒಂದು ಶನಿವಾರ ಪಾಲಿಶ್ ಬಾಕಿ, ಇನ್ನೊಂದು ಶನಿವಾರ ಬಾಗಿಲಿನ ರಬ್ಬರ್ ಬಾಕಿ. ನವೆಂಬರ್ ಕೊನೆಗೆ ಬಂತು. ಮನೆಯಲ್ಲಿ ಯಜಮಾನರು ಕ್ಯಾಲೆಂಡರಿನ ಎದುರು ನಿಂತು ಗಂಟಲು ಸರಿಮಾಡಿಕೊಂಡರು. "ಬರುವ ಭಾನುವಾರ ಬ್ರೋಕರಿಗೆ ಬರಲಿಕ್ಕೆ ಹೇಳಿದ್ದೇನೆ."

ಆ ರಾತ್ರಿ ನನಗೆ ಅಳು ಬಂದದ್ದು ನಿಜ. ಅಷ್ಟು ಶನಿವಾರ ಸ್ಟೂಲಿನ ಮೇಲೆ ಕುಳಿತದ್ದು ಮತ್ತೆ ಬಸ್ಸಿನಲ್ಲಿ ನೇತಾಡಲಿಕ್ಕಾ? ಮರುದಿನವೇ ರಜೆ ಹಾಕಿ ಕುಕ್ಕುಂದೂರಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಟಿಂಕರ್ ಅರಶಿನ ಹಚ್ಚಿದ ಒಂದು ಕಾಗದವನ್ನು ಕೈಗೆ ಕೊಟ್ಟ. ಅವನ ಮದುವೆ! ಗುರುವಾರ, ಪರ್ಕಳದ ಒಂದು ಹಾಲ್‌ನಲ್ಲಿ.

"ಮಾಸ್ಟ್ರನ್ನು ಕರ್ಕೊಂಡು ಬರಲೇಬೇಕು ಅಕ್ಕ. ಕಾರು ಅಲ್ಲೇ ಕೊಡ್ತೇನೆ, ದೇವರಾಣೆ."

ಕಾರಿಗಾಗಿ ಮದುವೆಗೆ ಹೋದವರು ನಾವಿಬ್ಬರೇ ಇರಬೇಕು. ಕಾಪುವಿನಿಂದ ಪರ್ಕಳಕ್ಕೆ ಬರುವವರೆಗೂ ಬಸ್ಸಿನಲ್ಲಿ ನಾನು ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಹಾಲ್‌ನ ಅಂಗಳದಲ್ಲಿ ನಿಂತಿದ್ದೆವು. ಬ್ಯಾಂಡು ಶುರುವಾಯಿತು, ದಿಬ್ಬಣ ಬಂತು. ಮುಂದೆ ಮದುಮಗನ ಕಾರು, ಸೇವಂತಿಗೆ ಮಾಲೆ ಹೊದ್ದು, ಫಳಫಳ ಹೊಳೆಯುತ್ತ ಗೇಟಿನೊಳಗೆ ತಿರುಗಿತು.

"ಆ ಕಾರಿನ ನಂಬರ್ ನಮ್ಮದರ ಹಾಗೇ ಉಂಟಲ್ಲ!" ಎಂದರು ಯಜಮಾನರು.

"ನಮ್ಮದರ ಹಾಗೆ ಅಲ್ಲ, ನಮ್ಮದೇ," ಎಂದೆ. ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಮರೆತೇ ಹೋಯಿತು. ಅಷ್ಟು ಚಂದದ ಕಾರನ್ನು ನಾನು ಕೊಂಡೇ ಇರಲಿಲ್ಲವೇನೋ ಅನ್ನಿಸಿ ಕಣ್ಣು ತುಂಬಿತು. ತನ್ನ ಮದುವೆಗೆ ಬೇಕೆಂದೇ ಅವನು ಅದನ್ನು ಅಷ್ಟು ಉಜ್ಜಿದ್ದ, ಅದಕ್ಕೇ ಇಷ್ಟು ದಿನ ಇಟ್ಟುಕೊಂಡಿದ್ದ.

ಧಾರೆಯಾಯಿತು, ಊಟವೂ ಆಯಿತು. ಮದುಮಗಳನ್ನು ಕುಕ್ಕುಂದೂರಿನ ಮನೆಗೆ ತುಂಬಿಸಿಕೊಳ್ಳುವ ಮುಹೂರ್ತ ಹತ್ತಿರ ಬಂದಾಗ ನೋಡಿದರೆ ಕಾರಿನ ಡ್ರೈವರ್ ಹಾಲ್‌ನ ಹಿಂದೆ ಅಡ್ಡ ಬಿದ್ದಿದ್ದ. ಕಾರಣವನ್ನು ಯಾರೂ ಕೇಳಬೇಕಾಗಿರಲಿಲ್ಲ, ಹತ್ತಿರ ಹೋದರೆ ವಾಸನೆಯೇ ಹೇಳುತ್ತಿತ್ತು. ಹಿರಿಯರು ಗಡಿಯಾರ ನೋಡತೊಡಗಿದರು. ಮದುಮಗ ನನ್ನನ್ನು ನೋಡಿದ.

"ಕೀ ಕೊಡು," ಎಂದೆ.

"ನೀನಾ? ಮದುಮಕ್ಕಳನ್ನು ಕೂರಿಸಿಕೊಂಡಾ? ಈ ಪರ್ಕಳದ ಇಳಿಜಾರಿನಲ್ಲಿ?" ಯಜಮಾನರು ಗಾಬರಿಯಾದರು.

ಆಗ ಮದುಮಗ ಬಾಸಿಂಗ ಸರಿಮಾಡಿಕೊಳ್ಳುತ್ತ ಅವರಿಗೆ ಎಡಬದಿಯ ಬಾಗಿಲು ತೆಗೆದ. "ಕೂತುಕೊಳ್ಳಿ ಮಾಸ್ಟ್ರೇ. ನಿಮ್ಮ ಬದಿಗೂ ಒಂದು ಬ್ರೇಕ್ ಇಟ್ಟಿದ್ದೇನೆ."

ಬಗ್ಗಿ ನೋಡಿದರೆ ಹೌದು! ಹೊಸ ಮ್ಯಾಟಿನ ಮೇಲೆ ಕಪ್ಪು ರಬ್ಬರ್ ಹಾಕಿದ ಒಂದು ಪೆಡಲ್. ಯಜಮಾನರು ಕುಳಿತು ಒಮ್ಮೆ ಒತ್ತಿದರು, ಅದು ಒಳಗೆ ಹೋಗಿ ಮೇಲೆ ಬಂತು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ನನಗೆ ಮಾತ್ರ ಜೀವ ಬಾಯಿಗೆ ಬಂತು. ಮದುಮಗನನ್ನು ಬದಿಗೆ ಎಳೆದು, "ಎಂತ ಮಾಡಿದ್ದು ನೀನು? ಇವರು ದಾರಿಯಲ್ಲಿ ಒತ್ತಿದರೆ ಕಾರು ಎಲ್ಲೆಂದರಲ್ಲಿ ನಿಂತೀತು!" ಎಂದೆ.

ಅವನು ಕಿವಿಯ ಹತ್ತಿರ ಬಂದ. "ನಿಲ್ಲುವುದಿಲ್ಲ ಅಕ್ಕ. ಅದಕ್ಕೆ ಎಲ್ಲಿಗೂ ಕನೆಕ್ಷನ್ ಇಲ್ಲ. ಅಡಿಯಲ್ಲಿ ಒಂದು ಸ್ಪ್ರಿಂಗ್ ಉಂಟು, ಅಷ್ಟೇ."

ಹೊರಟೆವು. ಪರ್ಕಳದ ಇಳಿಜಾರಿನಲ್ಲಿ ನಾನು ಬ್ರೇಕ್ ಒತ್ತಿದೆ, ಅವರೂ ಒತ್ತಿದರು. ಹಿರಿಯಡಕದಲ್ಲಿ ಬಸ್ಸು ಅಡ್ಡ ಬಂದಾಗ ನಾನೂ ಒತ್ತಿದೆ, ಅವರೂ ಒತ್ತಿದರು. ಪ್ರತಿ ಸಲವೂ ಕಾರು ಮೆತ್ತಗೆ ನಿಂತಿತು. ಹಿಂದಿನ ಸೀಟಿನಿಂದ ಮದುಮಗ ಗಂಭೀರವಾಗಿ ಕೇಳಿದ, "ಬ್ರೇಕ್ ಸರಿ ಉಂಟಾ ಮಾಸ್ಟ್ರೇ?"

"ಫಸ್ಟ್ ಕ್ಲಾಸ್!" ಎಂದರು ಯಜಮಾನರು. ಮದುಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಾಚಿಕೆ ಇರಬೇಕು ಎಂದು ಅವರು ತಿಳಿದರು.

ಮುಹೂರ್ತಕ್ಕೆ ಮುಂಚೆಯೇ ತಲುಪಿಸಿ, ಮಾಲೆಯ ಸಮೇತ ಕಾರನ್ನು ಕಾಪುವಿಗೆ ತಂದು ಅಂಗಳದಲ್ಲಿ ನಿಲ್ಲಿಸಿದೆ. ಯಜಮಾನರು ಇಳಿದವರೇ ನೆಟ್ಟಗೆ ಎದುರಿನ ಅಂಗಡಿಗೆ ಹೋಗಿ ಬ್ರೋಕರಿಗೆ ಫೋನ್ ಮಾಡಿದರು. "ಭಾನುವಾರ ಬರುವುದು ಬೇಡ. ಮಾರುವುದಿಲ್ಲ. ಈಗ ಕಾರು ನನ್ನ ಕಂಟ್ರೋಲಿನಲ್ಲಿ ಉಂಟು."

ಆಮೇಲೆ ಎಷ್ಟೋ ವರ್ಷ ಆ ಕಾರನ್ನು ಓಡಿಸಿದೆ. ಮಾರುವ ಮಾತು ಮತ್ತೆ ಬರಲಿಲ್ಲ. ದೂರು ಬಂದದ್ದು ಒಂದೇ ಸಲ. ಬೇಸಗೆಯಲ್ಲಿ ಒಂದು ದಿನ ಯಜಮಾನರು ಮೊಣಕಾಲು ತಿಕ್ಕಿಕೊಳ್ಳುತ್ತ, "ಬ್ರೇಕ್ ಈಚೆಗೆ ಸ್ವಲ್ಪ ಟೈಟ್ ಆಗಿದೆ, ನಿನಗೆ ಗೊತ್ತಾಗುವುದಿಲ್ಲವಾ?" ಎಂದರು.

"ಹೌದು, ನನಗೂ ಹಾಗೇ ಅನ್ನಿಸುತ್ತಿತ್ತು," ಎಂದೆ. ಮುಂದಿನ ಶನಿವಾರವೇ ಕುಕ್ಕುಂದೂರಿಗೆ ಹೋಗಿ ಸ್ಪ್ರಿಂಗಿಗೆ ಎಣ್ಣೆ ಹಾಕಿಸಿಕೊಂಡು ಬಂದೆ.