ಭಾಗಾಕಾರಕ್ಕೆ ಬಲಿಯಾದ ಸೋಪುಗಳು

ಮಕ್ಕಳ ತಲೆಯನ್ನು ಬಾಯಿಪಾಠದ ಗೋಡೌನು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪತ್ರಿಕೆಯ ನನ್ನ ಅಂಕಣದಲ್ಲಿ ವಾರವಾರವೂ ಅವರನ್ನು ಝಾಡಿಸುತ್ತೇನೆ. ಅಂಥವರೊಬ್ಬರು ನನ್ನ ಮನೆಯಲ್ಲೇ, ಅದೂ ಹೆಂಡತಿಯ ರೂಪದಲ್ಲಿ ಇರಬೇಕೇ?

ಅಂದು ರಾತ್ರಿ ಕಳೆದರೆ ಮಗಳಿಗೆ ಭಿನ್ನರಾಶಿ ಭಾಗಾಕಾರದ ಪರೀಕ್ಷೆ. ಫೇಲಾದರೆ ಥ್ರೋಬಾಲ್ ತಂಡದಿಂದ ಹೊರಗೆ ಎಂದು ಶಾಲೆಯ ಫರ್ಮಾನು. ಹುಡುಗಿ ಊಟ ಬಿಟ್ಟು ಕೂತಿದ್ದಳು.

“ಎರಡನೇದನ್ನ ತಲೆಕೆಳಗು ಮಾಡು, ಗುಣಿಸು. ನಾಲ್ಕು ಲೆಕ್ಕ ಮಾಡಿದ್ರೆ ತಾನಾಗೇ ಬರುತ್ತೆ,” ಎಂದಳು ಅವಳಮ್ಮ.

“ಯಾಕೆ ತಲೆಕೆಳಗು ಮಾಡ್ಬೇಕು?” ನಾನು ಗರ್ಜಿಸಿದೆ.

“ಯಾಕೇಂದ್ರೆ ನಾಳೆ ಪರೀಕ್ಷೆ ಇದೆ ರೀ.”

ಇಂಥ ಉತ್ತರ ಕೇಳಿಯೂ ಪ್ರಜ್ಞಾವಂತ ನಾಗರಿಕ ಸುಮ್ಮನಿರಲಾದೀತೇ? ಬಚ್ಚಲಿಗೆ ನುಗ್ಗಿ ಮೂರು ಹೊಸ ಸೋಪು ತಂದೆ. ಚಾಕು ಹಿಡಿದು ಒಂದೊಂದನ್ನೂ ಎರಡು ಹೋಳು ಮಾಡಿದೆ. (ಆ ವಾರವೆಲ್ಲ ಈರುಳ್ಳಿಗೆ ಗುಲಾಬಿಯ ಪರಿಮಳವಿತ್ತು.)

“ಮೂರನ್ನ ಅರ್ಧದಿಂದ ಭಾಗಿಸೋದು ಅಂದ್ರೆ, ಮೂರರಲ್ಲಿ ಎಷ್ಟು ಅರ್ಧ ಇವೆ, ಪುಟ್ಟಿ?”

“ಆರು! ಓ, ಅದಕ್ಕೇ ಎರಡರಿಂದ ಗುಣಿಸೋದಾ ಅಪ್ಪಾ?”

ಅವಳ ಕಣ್ಣರಳಿತು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು. ಲೆಕ್ಕದ ಅಭ್ಯಾಸವೆಂಬ ಗುಲಾಮಗಿರಿಯನ್ನು ಅಲ್ಲೇ ರದ್ದು ಮಾಡಿ, ಅವಳನ್ನು ಮಲಗಲು ಕಳಿಸಿದೆ.

ಪರೀಕ್ಷೆ ಮುಗಿದ ಮೇಲೆ ಟೀಚರಮ್ಮ ನಮ್ಮಿಬ್ಬರನ್ನೂ ಕರೆಸಿ ಉತ್ತರಪತ್ರಿಕೆ ಚಾಚಿದರು. ಪುಟದ ತುಂಬ ಸೋಪು! ಗುಳ್ಳೆಗಳ ಸಮೇತ! ಒಂದೇ ಲೆಕ್ಕಕ್ಕೆ ಸಚಿತ್ರ ವ್ಯಾಖ್ಯಾನ. ಮಿಕ್ಕ ಪ್ರಶ್ನೆಗಳಿಗೆ ಬರೀ ಬಿಳಿ ಹಾಳೆ.

“ಇಷ್ಟು ಚೆನ್ನಾಗಿ ನಾನೂ ವಿವರಿಸ್ತಿರಲಿಲ್ಲ ಸರ್. ಆದ್ರೆ ಬೆಲ್ ಹೊಡೀತಲ್ಲ? ನಾಳೆ ಇನ್ನೊಂದ್ಸಲ ಬರೀಲಿ. ಅದೇ ಕೊನೆ.”

ಹೆಂಡತಿ ಮನೆಗೆ ಬಂದವಳೇ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

“ತಲೆಗೆ ಹತ್ತಿದೆ, ಅಪ್ಪನ ಪುಣ್ಯ. ಈಗ ಕೈಗೂ ಕಲಿಸೋಣ ಬಾ.”

ಏನಾಶ್ಚರ್ಯ! ಯಾಕೆಂದು ತಿಳಿದ ಹುಡುಗಿ ಲೆಕ್ಕಗಳನ್ನು ಕಡಲೆಬೀಜದಂತೆ ಸುಲಿದು ಹಾಕುತ್ತಿದ್ದಳು. ನನಗೂ ಹುರುಪು ಬಂತು. ಪೆನ್ಸಿಲ್ ಕಸಿದುಕೊಂಡು ಅರ್ಧವನ್ನು ಕಾಲಿನಿಂದ ಭಾಗಿಸಿದೆ. ಉತ್ತರ: ಅರ್ಧ.

ಮಗಳು ಇಣುಕಿದಳು. “ಅಪ್ಪಾ, ಅರ್ಧ ಸೋಪಲ್ಲಿ ಕಾಲು ತುಂಡು ಎರಡಿರುತ್ತೆ. ನಿಂಗೆ ಒಂದೂ ಪೂರ್ತಿ ಸಿಗಲಿಲ್ವಾ?”

“ಮೊದಲನೇದನ್ನೇ ತಲೆಕೆಳಗು ಮಾಡಿಬಿಟ್ಟಿದ್ದಾರೆ ನೋಡು,” ಎಂದಳು ಅವಳಮ್ಮ. “ಪಾಪ, ಕಾರಣ ಎಲ್ಲ ಗೊತ್ತು. ಲೆಕ್ಕ ಒಂದು ಬರಲ್ಲ.”

ಮಗಳು ಪಾಸಾದಳು. ಈಗ ಚೆಂಡು ಹಿಡಿದು ಮೈದಾನಕ್ಕೆ ಓಡಿದ್ದಾಳೆ. ನಾನು ಅಂಕಣ ಬದಿಗಿಟ್ಟು, ಅವಳೇ ಹಾಕಿಕೊಟ್ಟ ಭಾಗಾಕಾರಗಳ ಮುಂದೆ ಕೂತಿದ್ದೇನೆ. ಬಂದು ತಿದ್ದುತ್ತಾಳಂತೆ. ತಪ್ಪಿದರೆ ನನ್ನ ಸಂಜೆಯ ವಾಕಿಂಗ್ ಬಂದ್.