ವಾಮದೇವಪ್ಪನವರು ಎತ್ತಿದ ಕಲ್ಲು

ಸಾವಿರದ ಒಂಬೈನೂರ ಎಪ್ಪತ್ತೆರಡನೆಯ ಇಸವಿಯ ನಾಗರ ಪಂಚಮಿಯಂದು, ಹರಿಹರದ ಗರಡಿಮನೆಯ ಮುಂದೆ ಕಿಕ್ಕಿರಿದು ನೆರೆದ ಜನರ ನಡುವೆ, ಇಪ್ಪತ್ತು ವರ್ಷದ ತರುಣ ವಾಮದೇವಪ್ಪನವರು ಗುಂಡುಕಲ್ಲೊಂದನ್ನು ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ, ಉಸ್ತಾದ್ ಬೋರಣ್ಣನ ಕೈಯಿಂದ ಬೆಳ್ಳಿಯ ಕಡಗವನ್ನು ಪಡೆದಿದ್ದರು. ಈ ಸಂಗತಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಹಾಲು ಹಾಕುವವನಿಂದ ಹಿಡಿದು ಮೀಟರ್ ನೋಡಲು ಬರುವವನವರೆಗೆ ಎಲ್ಲರಿಗೂ ಕಂಠಪಾಠವಾಗಿತ್ತು. ಮದುವೆಯಾದ ಹೊಸತರಲ್ಲಿ ಆ ಕಲ್ಲು ಅರವತ್ತು ಕಿಲೋ ಇತ್ತು. ಮೊಮ್ಮಗಳು ಅಂಕಿತಾ ಹುಟ್ಟುವಾಗ ಎಂಬತ್ತಾಯಿತು. ಆಕೆ ಬಿ.ಕಾಂ. ಸೇರಿ, ವಾಮದೇವಪ್ಪನವರು ಚೌಕಿಪೇಟೆಯ ಬಟ್ಟೆ ಅಂಗಡಿಯನ್ನು ಮಗ ಶಿವಕುಮಾರನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಮೇಲೆ, ಒಂದು ಕ್ವಿಂಟಾಲಿಗೆ ಬಂದು ನಿಂತಿತು.

"ಈ ಮನೆಯಾಗೆ ಊಟ ಹಾಕದಂಗೆ ಬೆಳೆದಿದ್ದು ಅದೊಂದೇ ನೋಡು" ಎಂದು ಅವರ ಮಡದಿ ಅನ್ನಪೂರ್ಣಮ್ಮ ಮೊಮ್ಮಗಳಿಗೆ ಹೇಳುತ್ತಿದ್ದರು.

ಈ ಮಹಾಸಾಹಸಕ್ಕೆ ಸಂಬಂಧಿಸಿದಂತೆ ಎರಡು ವಿಚಿತ್ರಗಳಿದ್ದವು. ಮೊದಲನೆಯದು, ಆ ಕಡಗವನ್ನು ಅವರು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಎರಡನೆಯದು, ಹದಿನಾಲ್ಕೇ ಕಿಲೋಮೀಟರು ದೂರದ ಹರಿಹರಕ್ಕೆ ಅವರು ಐವತ್ಮೂರು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ಅಲ್ಲಿ ಮದುವೆಯಿದ್ದರೆ ಮಡದಿಯನ್ನು ಕಳಿಸುತ್ತಿದ್ದರು. ರೈಲು ಆ ಊರನ್ನು ಹಾಯುವಾಗ ಕಿಟಕಿಯ ಬಾಗಿಲನ್ನು ಎಳೆದುಕೊಳ್ಳುತ್ತಿದ್ದರು. ಕೇಳಿದವರಿಗೆ ಆ ಊರಿನ ನೀರು ತಮಗೆ ಒಗ್ಗುವುದಿಲ್ಲವೆನ್ನುತ್ತಿದ್ದರು.

ತಂಟೆ ಹುಟ್ಟಿದ್ದು ಬಡಾವಣೆಯ ಉದ್ಯಾನದ ಒಂದು ಖಾಲಿ ಮೂಲೆಯಿಂದ. ಅಲ್ಲಿ ಜಾಗಿಂಗಿಗೆ ಹಾದಿ ಮಾಡಬೇಕೆಂದು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೊಟ್ಟೂರೇಶ್ ಅರ್ಜಿ ಬರೆದಿದ್ದರು. ಕೆಮ್ಮಣ್ಣಿನ ಗರಡಿಯಾಗಬೇಕೆಂದು ವಾಮದೇವಪ್ಪನವರು ಅದರ ಮೇಲೊಂದು ಅರ್ಜಿ ಬರೆದರು. ತೀರ್ಮಾನ ಆ ಭಾನುವಾರ ಸಂಜೆ ಬಡಾವಣೆಯ ಸಂಘದ ಸಭೆಯಲ್ಲಿ ಆಗಬೇಕಿತ್ತು. ಬೆಳಿಗ್ಗೆ ಆರಕ್ಕೇ ಇಬ್ಬರೂ ಉದ್ಯಾನದ ಬಾಗಿಲಲ್ಲಿ ಮುಖಾಮುಖಿಯಾದರು. ಕೊಟ್ಟೂರೇಶರ ಕಾಲಲ್ಲಿ ಕಿತ್ತಳೆ ಬಣ್ಣದ ಬೂಟುಗಳೂ, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರವೂ ಇದ್ದವು. ಬ್ಯಾಂಕಿನಲ್ಲಿ ಒಂದು ಸಹಿಗೆ ಮೂರು ದಿನ ತೆಗೆದುಕೊಳ್ಳುತ್ತಿದ್ದ ಮನುಷ್ಯ ನಿವೃತ್ತಿಯ ಮರುದಿನದಿಂದ ಓಡತೊಡಗಿದ್ದನ್ನು ಕಂಡು ಬಡಾವಣೆಯೇ ಬೆರಗಾಗಿತ್ತು.

ಓಡಿದರೆ ಹೃದಯ ಗಟ್ಟಿಯಾಗುತ್ತದೆ, ಭಾರ ಎತ್ತಿದರೆ ಕೀಲು ಸವೆಯುತ್ತದೆ ಎಂಬುದು ಕೊಟ್ಟೂರೇಶರ ವಾದ. ಭಾರ ಎತ್ತುವುದರಿಂದಲೇ ಆಯುಷ್ಯ ಬರುವುದಾಗಿದ್ದರೆ ಮಂಡಿಪೇಟೆಯ ಹಮಾಲರೆಲ್ಲ ನೂರು ವರ್ಷ ಬದುಕಬೇಕಿತ್ತೆಂದರು. ಓಟದಿಂದ ಆಯುಷ್ಯ ಬರುವುದಾಗಿದ್ದರೆ ಬೀದಿಯ ನಾಯಿಗಳೆಲ್ಲ ತಮ್ಮ ಮುತ್ತಜ್ಜನ ಕಾಲದವಿರಬೇಕಿತ್ತೆಂದು ವಾಮದೇವಪ್ಪನವರು ಮರುತ್ತರ ಕೊಟ್ಟರು. ಅಷ್ಟಕ್ಕೇ ನಿಂತಿದ್ದರೆ ಆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಸುತ್ತ ಹತ್ತು ಜನ ಸೇರಿ ನಕ್ಕದ್ದು ಅವರ ನಾಲಿಗೆಗೆ ಎಣ್ಣೆ ಹಚ್ಚಿದಂತಾಯಿತು.

"ನೋಡ್ರಿ ಮ್ಯಾನೇಜರ್ರೇ, ಲೋಕದಾಗೆ ಓಡೋರು ಇಬ್ರೇ. ಒಬ್ಬ ಕದ್ದೋನು, ಇನ್ನೊಬ್ಬ ಹೆದರಿದೋನು. ನೀವು ಯಾವ ಪೈಕಿ ಅಂತ ಸಂಜೆ ಸಭೆಯಾಗೆ ಹೇಳಿಬಿಡ್ರಿ" ಎಂದರು.

ಕೊಟ್ಟೂರೇಶರ ಮುಖ ಬೂಟಿನ ಬಣ್ಣಕ್ಕೆ ತಿರುಗಿತು. ಆದರೂ ಮೂವತ್ತೈದು ವರ್ಷ ಜಾಮೀನು ಕೇಳಿ ಪಳಗಿದ ಬಾಯಿ ಅದು.

"ಆಗ್ಲಿ ಯಜಮಾನ್ರೇ. ನಾನು ಈಗ ಇಲ್ಲಿಂದ ಹರಿಹರಕ್ಕೆ ಓಡಿಕೊಂಡೇ ಹೋಗ್ತೀನಿ. ನೀವು ಗಾಡಿಮ್ಯಾಲೇ ಬರ್ರಿ, ತೊಂದ್ರೆ ಇಲ್ಲ. ಬಂದು ಆ ಕಲ್ಲನ್ನ ಮೊಣಕಾಲಿನ ತನಕ ಎತ್ತಿ ತೋರಿಸ್ರಿ, ಹೆಗಲು ಬ್ಯಾಡ. ಸೋತೋರು ಅರ್ಜಿ ವಾಪಸ್ ತಗೊಳ್ಳೋದು."

ಆ ಊರಿನ ನೀರು ತಮಗೆ ಒಗ್ಗುವುದಿಲ್ಲವೆಂದು ವಾಮದೇವಪ್ಪನವರು ಮೆಲ್ಲಗೆ ಜ್ಞಾಪಿಸಿದರು.

"ನಮ್ಮ ನಲ್ಲಿಯಾಗೆ ಬರೋದೂ ಅದೇ ಹೊಳೆ ನೀರಲ್ರೀ. ಐವತ್ತು ವರ್ಷದಿಂದ ಕುಡಿದೀರಿ, ಏನೂ ಆಗಿಲ್ಲ" ಎಂದರು ಕೊಟ್ಟೂರೇಶ್.

ಇನ್ನೂ ಹತ್ತು ನೆಪಗಳು ಅವರ ಬತ್ತಳಿಕೆಯಲ್ಲಿದ್ದವು. ಆದರೆ ಅಜ್ಜನನ್ನು ಕರೆದೊಯ್ಯಲು ಸ್ಕೂಟರಿನಲ್ಲಿ ಬಂದಿದ್ದ ಅಂಕಿತಾ ಅಷ್ಟರಲ್ಲಿ ಮುಂದೆ ಬಂದು, "ನಮ್ಮಜ್ಜ ಬರ್ತಾರೆ ಅಂಕಲ್. ಎತ್ತೇ ಎತ್ತತಾರೆ. ನಾನೇ ವಿಡಿಯೋ ಮಾಡ್ತೀನಿ" ಎಂದುಬಿಟ್ಟಳು. ಹುಟ್ಟಿದಾಗಿನಿಂದ ಆ ಕತೆಯನ್ನು ಕೇಳಿ, ಶಾಲೆಯ ಪ್ರಬಂಧದಲ್ಲಿ ಎರಡು ಬಾರಿ ಬರೆದು, ಒಮ್ಮೆ ಬಹುಮಾನವನ್ನೂ ಪಡೆದಿದ್ದ ಹುಡುಗಿ ಅವಳು. ಅವಳ ಕಣ್ಣಲ್ಲಿದ್ದ ನಂಬಿಕೆಯನ್ನು ಕಂಡು ವಾಮದೇವಪ್ಪನವರಿಗೆ ಒಂದು ಕ್ವಿಂಟಾಲಿನ ಕಲ್ಲು ಆಗಲೇ ಎದೆಯ ಮೇಲೆ ಬಂದು ಕುಳಿತಂತಾಯಿತು. ಉದ್ಯಾನ ಹೋದರೆ ಹೋಗಲಿ. ಈ ಹುಡುಗಿಯ ಕಣ್ಣಿನಿಂದ ಇಳಿದರೆ ಮತ್ತೆ ಹತ್ತಲು ಅವರಿಗೆ ಇನ್ನು ವಯಸ್ಸಿರಲಿಲ್ಲ.

ಸಂಘದ ಕಾರ್ಯದರ್ಶಿ ಸಿದ್ದೇಶನಿಗೆ ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಕಾರ್ಖಾನೆಯೂ, ಅದರ ಸಾಮಾನು ಸಾಗಿಸಲು ಒಂದು ಲಗೇಜ್ ಆಟೋವೂ ಇದ್ದವು. ಯಾರು ಮಾತಾಡಿದರೂ ತಲೆದೂಗುವ ಆ ಸಜ್ಜನ, ಕಲ್ಲನ್ನು ಹೇರಿಕೊಂಡು ಬರಲು ಬೇಕಾದೀತೆಂದು ಆಟೋ ತಂದನು. ಕೊಟ್ಟೂರೇಶ್ ತಮ್ಮ ಗಡಿಯಾರವನ್ನು ಒತ್ತಿ ಓಡತೊಡಗಿದರು.

ವಾಮದೇವಪ್ಪನವರು ತಿಂಡಿಯ ನೆಪದಲ್ಲಿ ಮನೆಗೆ ಬಂದು, ಉಗ್ರಾಣದ ಬಾಗಿಲು ಹಾಕಿಕೊಂಡು, ಪರೀಕ್ಷಾರ್ಥವಾಗಿ ಇಪ್ಪತ್ತೈದು ಕಿಲೋ ಅಕ್ಕಿಯ ಚೀಲಕ್ಕೆ ಕೈಯಿಕ್ಕಿದರು. ಚೀಲ ಇದ್ದಲ್ಲೇ ಇತ್ತು. ಅವರ ಸೊಂಟ ಮಾತ್ರ 'ಕಟಕ್' ಎಂದು ಬಾಗಿದಲ್ಲೇ ನಿಂತಿತು. ಸದ್ದು ಕೇಳಿ ಬಂದ ಅನ್ನಪೂರ್ಣಮ್ಮ, ಪಂಚಾಂಗ ನಮಸ್ಕಾರಕ್ಕೆ ಅರ್ಧ ಇಳಿದವರಂತಿದ್ದ ಗಂಡನನ್ನು ನೋಡಿ, ಏನೂ ಕೇಳದೆ ನೋವಿನ ಮುಲಾಮು ತಂದು ತಿಕ್ಕಿದರು.

"ಹೋಗಂಗಿಲ್ಲ ಅಂದುಬಿಡ್ರಿ. ನಿಜ ಹೇಳಿದ್ರೆ ಯಾರ ಸೊಂಟಾನೂ ಹಿಡಿಯಂಗಿಲ್ಲ" ಎಂದರು.

ವಾಮದೇವಪ್ಪನವರು ಹೇಗೋ ಎದ್ದು ಜುಬ್ಬ ತೊಟ್ಟರು. ಮೊಮ್ಮಗಳ ಸ್ಕೂಟರಿನ ಹಿಂದೆ, ಹಬೆಗೆ ಬಾಗಿದ ಬಿದಿರಿನಂತೆ ಕುಳಿತು ಹೊರಟರು.

ದಾರಿಯುದ್ದಕ್ಕೂ ಅವರಿಗೆ ಇದ್ದದ್ದು ಒಂದೇ ಸಮಾಧಾನ. ಬೋರಣ್ಣ ತೀರಿಕೊಂಡನೆಂದು ಹತ್ತು ವರ್ಷಗಳ ಕೆಳಗೆ ಯಾರೋ ಅಂಗಡಿಯಲ್ಲಿ ಹೇಳಿದ್ದರು. ಅದನ್ನು ಕೇಳಿ ಅವರು ದೊಡ್ಡ ನಿಟ್ಟುಸಿರುಬಿಟ್ಟು, ಗಿರಾಕಿಗಳ ಮುಂದೆ ಎರಡು ಒಳ್ಳೆಯ ಮಾತಾಡಿ, ಅಂದು ಬಹಳ ದಿನಗಳ ಮೇಲೆ ಸೊಗಸಾದ ನಿದ್ದೆ ಮಾಡಿದ್ದರು. ಸಾಕ್ಷಿಯಿಲ್ಲದ ಮೇಲೆ ಕಲ್ಲು ತಾನಾಗಿ ಬಾಯಿಬಿಡುವುದಿಲ್ಲವಷ್ಟೆ.

ದೊಡ್ಡಬಾತಿ ಬಂದಾಗ ಎರಡನೆಯ ಸಮಾಧಾನವೂ ದೊರೆಯಿತು. ರಸ್ತೆಯ ಪಕ್ಕದ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕಿತ್ತಳೆ ಬೂಟುಗಳು ಆಕಾಶ ನೋಡುತ್ತಿದ್ದವು. ಅವುಗಳ ಯಜಮಾನರು ಮಲಗಿ, ದಡಕ್ಕೆ ಎಸೆದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದರು. ಅಂಗಡಿಯವಳು ಇಮಾಂಬೀ ಮಂಡಕ್ಕಿಯ ಮೊರದಿಂದ ಗಾಳಿ ಬೀಸುತ್ತಿದ್ದಳು. ಅಂಕಿತಾ ಸ್ಕೂಟರ್ ನಿಲ್ಲಿಸಹೋದಳು. ಪರರ ಕಷ್ಟವನ್ನು ನಿಂತು ನೋಡುವುದು ಸಭ್ಯತೆಯಲ್ಲವೆಂದು ಅಜ್ಜ ಮುಂದೆ ಸಾಗಿಸಿದರು. ಆದರೆ ಹರಿಹರದ ಹೊರವಲಯದಲ್ಲಿ ಅವರು ಹಿಂತಿರುಗಿ ನೋಡಿದಾಗ, ಸಿದ್ದೇಶನ ಆಟೋದ ತಾಡಪತ್ರಿಯೊಳಗಿನಿಂದ ಕೊಟ್ಟೂರೇಶ್ ಇಳಿದು, ಬಾಟಲಿಯ ನೀರನ್ನು ಅಂಗಿಯ ಮೇಲೆ ಸುರಿದುಕೊಂಡು, ಮೈಯೆಲ್ಲ ಬೆವರಿದವರಂತೆ ಓಡತೊಡಗಿದ್ದು ಕಾಣಿಸಿತು. ಸರಿಯಾದ ಹೊತ್ತಿಗೆ ಬಯಲು ಮಾಡಬಹುದೆಂದು ವಾಮದೇವಪ್ಪನವರು ಆ ದೃಶ್ಯವನ್ನು ಮನಸ್ಸಿನಲ್ಲಿ ಜೋಪಾನವಾಗಿ ಕಟ್ಟಿಟ್ಟುಕೊಂಡರು.

ಗರಡಿಮನೆ ಮೊದಲಿದ್ದ ಬೀದಿಯಲ್ಲೇ ಇತ್ತು. ಮೂರನೆಯ ಸಮಾಧಾನ, ಎಲ್ಲಕ್ಕಿಂತ ದೊಡ್ಡದು, ಅದರ ಬಾಗಿಲಲ್ಲಿ ಕಾದಿತ್ತು. ಚುನಾವಣೆಗೊಮ್ಮೆ ರಸ್ತೆಯನ್ನು ಎತ್ತರಿಸಿ ಎತ್ತರಿಸಿ, ಆ ಗುಂಡುಕಲ್ಲು ಕಾಂಕ್ರೀಟಿನಲ್ಲಿ ಕುತ್ತಿಗೆಯವರೆಗೆ ಹೂತುಹೋಗಿ, ನೆತ್ತಿ ಮಾತ್ರ ಕಾಣುತ್ತಿತ್ತು. ಆನೆಗಳನ್ನು ಕಟ್ಟಿ ಎಳೆದರೂ ಅದು ಏಳುವಂತಿರಲಿಲ್ಲ. ವಾಮದೇವಪ್ಪನವರ ಸೊಂಟ ತನ್ನಷ್ಟಕ್ಕೆ ನೆಟ್ಟಗಾಯಿತು. ಅವರು ಜುಬ್ಬದ ತೋಳು ಮಡಿಸಿದರು. ಕಡಗ ಬಿಸಿಲಿಗೆ ಹೊಳೆಯಿತು.

"ಅಗೆಸ್ರಿ ಇದನ್ನ. ಈಗ್ಲೇ ಅಗೆಸ್ರಿ. ಒಂದು ಕ್ವಿಂಟಾಲ್ ಐತೆ, ಅಲ್ಲಾಡದಂಗೆ ಹೆಗಲಿಗೆ ಏರಿಸಿ ತೋರಿಸ್ತೀನಿ. ನಗರಸಭೆಯೋರು ಅಡ್ಡ ಬಂದ್ರೆ ನನ್ನ ತಪ್ಪಲ್ಲ" ಎಂದು ಗರ್ಜಿಸಿದರು.

ಸಿದ್ದೇಶ ತಲೆದೂಗಿದನು. ಕೊಟ್ಟೂರೇಶ್ ಬಗ್ಗಿ ಕಲ್ಲಿನ ನೆತ್ತಿಯನ್ನು ಮುಟ್ಟಿ ನೋಡಿದರು. ಅಂಕಿತಾ ವಿಡಿಯೋ ಮಾಡುತ್ತಿದ್ದಳು. ಆ ಗರ್ಜನೆಗೆ ಗರಡಿಯ ಪಕ್ಕದ ಮನೆಯಿಂದ ಎಂಬತ್ತಾರರ ಮುದುಕನೊಬ್ಬ ಕೋಲೂರಿಕೊಂಡು, ಬಲಗಾಲನ್ನು ಕೊಂಚ ಎಳೆಯುತ್ತ ಹೊರಗೆ ಬಂದನು. ಬಲಗಾಲಿನ ಹೆಬ್ಬೆರಳು ಚಪ್ಪಟೆಯಾಗಿ ಪಕ್ಕಕ್ಕೆ ತಿರುಗಿತ್ತು. ಆತ ಕಣ್ಣಿಗೆ ಕೈ ಅಡ್ಡ ಹಿಡಿದು ಮೊದಲು ಕಡಗವನ್ನು ನೋಡಿದನು, ಅನಂತರ ಮುಖವನ್ನು ನೋಡಿದನು.

"ಯಾರು, ವಾಮ್ಯಾ ಏನೋ?"

ವಾಮದೇವಪ್ಪನವರ ಕಾಲುಗಳು, ಐವತ್ಮೂರು ವರ್ಷಗಳ ಅಭ್ಯಾಸ ತಪ್ಪಿದ್ದರೂ, ಓಡುವ ಭಂಗಿಗೆ ತಾವಾಗಿ ತಿರುಗಿದವು. ಸೊಂಟ ಒಪ್ಪಲಿಲ್ಲ.

"ಹೆದರಬ್ಯಾಡ ತಮ್ಮಾ, ಈಗ ನನ್ನ ಕಾಲೂ ಇಲ್ಲ, ಸೈಕಲ್ಲೂ ಇಲ್ಲ" ಎಂದು ನಗುತ್ತ, ಸತ್ತನೆಂದು ಸುದ್ದಿಯಾಗಿದ್ದ ಬೋರಣ್ಣ ಜಗಲಿಯ ಮೇಲೆ ಕುಳಿತನು. "ಯಾರಮ್ಮಾ ನೀನು, ಮೊಮ್ಮಗಳಾ? ಕೇಳು. ನಿಮ್ಮಜ್ಜ ಈ ಕಲ್ಲನ್ನ ಮೊಣಕಾಲಿನ ಮಟ್ಟ ಎತ್ತಿದ ನೋಡು, ಕೈ ಜಾರಿತು. ಎಲ್ಲಿ ಬಿತ್ತು ಅಂತೀ? ಇಲ್ಲಿ" ಎಂದು ಕೋಲಿನ ತುದಿಯಿಂದ ಹೆಬ್ಬೆರಳನ್ನು ತೋರಿಸಿದನು.

ಮುಂದಿನದನ್ನು ಆತ ಅರ್ಧ ಗಂಟೆ, ಒಂದು ಲೋಟ ಚಹ ಮುಗಿಯುವವರೆಗೂ ಬಣ್ಣಿಸಿದನು. ಕಲ್ಲು ಬಿದ್ದೊಡನೆ ತರುಣ ವಾಮದೇವ ಗುಂಪನ್ನು ಸೀಳಿಕೊಂಡು ಬರಿಗಾಲಲ್ಲೇ ಓಡಿದ್ದನಂತೆ. ನೆಲಕ್ಕೆ ಕಾಲೂರಲಾಗದ ಬೋರಣ್ಣ ಸೈಕಲ್ ಹತ್ತಿ, ಕೈಯಲ್ಲಿ ಗರಡಿಯ ಗದೆ ಹಿಡಿದು ಬೆನ್ನಟ್ಟಿದ್ದನಂತೆ. ದೊಡ್ಡಬಾತಿಯಲ್ಲಿ ಒಮ್ಮೆ ಅಂಗಿಯ ತುದಿ ಸಿಕ್ಕಿತ್ತು. ಅಂಗಿ ಕೈಯಲ್ಲಿ ಉಳಿಯಿತು, ಹುಡುಗ ಉಳಿಯಲಿಲ್ಲ.

"ಒಂದೇ ಕಾಲಾಗೆ ತುಳಿದೆ ಅನ್ನು. ಆದ್ರೂ ಸೈಕಲ್ ಸೈಕಲ್ಲೇ ಅಲ್ಲೇನು? ದಾವಣಗೆರೆ ಮುಟ್ಟೋತನಕ ಈ ನನ್ನಪ್ಪ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ಕಾಲು ವಾಸಿಯಾದ ಮ್ಯಾಲೆ ಸಿಟ್ಟೂ ಇಳೀತು. ಇಂಥ ಓಟ ನನ್ನ ಜನ್ಮದಾಗೆ ಕಂಡಿಲ್ಲ ಅಂತ ಕಡಗ ಮಾಡಿಸಿದೆ. ಬಂದು ತಗೋ ಅಂದ್ರೆ ಬರ್ಲಿಲ್ಲ, ಹೊಡೀತೀನಿ ಅಂತ. ಕೊನಿಗೆ ಬಸ್ಸಿನಾಗೆ ಕಳಿಸಿದೆ. ಒಳಗಡೆ ಬರೆಸೀನಿ, ಬಿಚ್ಚಿ ನೋಡ್ರಿ."

ಅಜ್ಜನ ಕೈ ಹಿಂದಕ್ಕೆ ಸರಿಯಿತು. ಆದರೆ ಅಂಕಿತಾ ಆಗಲೇ ಕಡಗದ ತಿರುಪನ್ನು ಹಿಡಿದಿದ್ದಳು. ಬೆವರಿಗೆ ಕಪ್ಪಿಟ್ಟ ಬೆಳ್ಳಿಯ ಒಳಮೈಯನ್ನು ದುಪಟ್ಟಾದಿಂದ ಉಜ್ಜಿ, ಗಟ್ಟಿಯಾಗಿ ಓದಿದಳು: "ಹರಿಹರದಿಂದ ದಾವಣಗೆರೆಗೆ. ನಿಲ್ಲದೆ."

ಕೊಟ್ಟೂರೇಶ್ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡರು.

"ಅಂದ್ರೆ ಯಜಮಾನ್ರೇ, ಕದ್ದಿರಲಿಲ್ಲ ಅಂತ ಖಾತ್ರಿ ಆತು."

ಕಟ್ಟಿಟ್ಟುಕೊಂಡಿದ್ದ ಬಾಣವನ್ನು ಬಿಡಲು ಇದೇ ಸಮಯವೆಂದು ವಾಮದೇವಪ್ಪನವರು, ಮ್ಯಾನೇಜರು ಆಟೋದಲ್ಲಿ ಬಂದದ್ದನ್ನು ಎಲ್ಲರ ಮುಂದೆ ಸಾರಿದರು. ಕೊಟ್ಟೂರೇಶ್ ನಾಚಲಿಲ್ಲ. ಬದಲಾಗಿ, ಕೈಮುಗಿದು ತಲೆಬಾಗಿದರು.

"ಹೌದ್ರೀ, ಒಪ್ಪಿದೆ. ಇಷ್ಟೆಲ್ಲ ಬೂಟು, ಗಡಿಯಾರ ಇಟ್ಕೊಂಡು ನಾನು ದೊಡ್ಡಬಾತಿಗೇ ಬಿದ್ದೆ. ನೀವು ಬರಿಗಾಲಾಗೆ, ಅದೂ ಸೈಕಲ್ಲಿಗೆ ಸಿಗದಂಗೆ ಓಡೀರಿ. ನಾನು ಸೋತೆ. ಇಡೀ ಬಡಾವಣೆಗೆ ಓಟಗಾರ ಅಂದ್ರೆ ನೀವೇ."

ಸೋತವನು ಅರ್ಜಿ ಹಿಂತೆಗೆದುಕೊಳ್ಳಬೇಕೆಂಬುದು ಷರತ್ತು. ಕೊಟ್ಟೂರೇಶ್ ಸಂಜೆಯ ಸಭೆಯಲ್ಲಿ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ತಮ್ಮ ಅರ್ಜಿಯನ್ನು ಹರಿದು, ಅದೇ ಉಸಿರಿನಲ್ಲಿ ಹೊಸದೊಂದನ್ನು ಓದಿದರು: ಉದ್ಯಾನದ ಮೂಲೆಯಲ್ಲಿ 'ವಾಮದೇವಪ್ಪ ಓಟದ ಪಥ'ವಾಗಬೇಕು, ಅದನ್ನು ಹಿರಿಯರಾದ ವಾಮದೇವಪ್ಪನವರೇ ಮೊದಲ ಸುತ್ತು ಓಡಿ ಉದ್ಘಾಟಿಸಬೇಕು. ಅಂಕಿತಾ ಹರಿಹರದಿಂದಲೇ ಕಳಿಸಿದ್ದ ವಿಡಿಯೋವನ್ನು ಆ ಹೊತ್ತಿಗೆ ಬಡಾವಣೆಯವರೆಲ್ಲ ಎರಡೆರಡು ಸಲ ನೋಡಿದ್ದರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಗರಡಿಯ ಅರ್ಜಿಯ ಗತಿಯೇನೆಂದು ವಾಮದೇವಪ್ಪನವರು ಕೇಳಿದಾಗ, ಸಿದ್ದೇಶ ತಲೆದೂಗಿ, ಅದರ ಹಿಂಬದಿಯಲ್ಲೇ ನಡಾವಳಿ ಬರೆದುಕೊಂಡನು.

ದೀಪ ಹಚ್ಚುವ ಹೊತ್ತಿಗೆ ವಾಮದೇವಪ್ಪನವರು ಮನೆಯ ಪಡಸಾಲೆಯಲ್ಲಿ, ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕುಳಿತಿದ್ದರು. ಎದುರಿಗೆ, ಸಂಘದವರು ಅಭಿಮಾನದಿಂದ ಕೊಟ್ಟ ಡಬ್ಬಿಯಲ್ಲಿ, ಕಿತ್ತಳೆ ಬಣ್ಣದ ಒಂದು ಜೊತೆ ಬೂಟುಗಳಿದ್ದವು. ಕಡಗದ ಸಂಗತಿ ನಿನಗೆ ಮೊದಲೇ ತಿಳಿದಿತ್ತೇ ಎಂದು ಅವರು ಕಣ್ಣಲ್ಲೇ ಮಡದಿಯನ್ನು ಕೇಳಿದರು.

"ಮದ್ವಿ ಆದ ವಾರದಾಗೇ ಓದೀನಿ. ಗೊರಕೆ ಹೊಡೀತಿದ್ರಿ, ಬಿಚ್ಚಿ ನೋಡಿ ಮತ್ತೆ ಹಾಕಿದ್ದೆ" ಎಂದು ಅನ್ನಪೂರ್ಣಮ್ಮ ಒಳಗೆ ಹೋದರು.

ಅಂಕಿತಾ ಬಂದು ಅಜ್ಜನ ಕಾಲ ಬಳಿ ಕುಳಿತಳು. ಅವಳ ಮುಖವನ್ನು ನೋಡಲು ಅವರಿಗೆ ಧೈರ್ಯವಾಗಲಿಲ್ಲ. ಅವಳು ಕಡಗವನ್ನು ಅವರ ಕೈಗೆ ತೊಡಿಸಿ, ತಿರುಪು ಬಿಗಿಮಾಡಿದಳು.

"ಅಜ್ಜ, ಇನ್ನೊಂದ್ಸಲ ಹೇಳು."

ವಾಮದೇವಪ್ಪನವರಿಗೆ ಹೋದ ಜೀವ ಬಂದಂತಾಯಿತು. ಸೊಂಟದ ನೋವನ್ನೂ ಮರೆತು ಅವರು ಎದೆಯುಬ್ಬಿಸಿದರು.

"ಎಪ್ಪತ್ತೆರಡನೇ ಇಸವಿ, ನಾಗರ ಪಂಚಮಿ. ಕಲ್ಲು ನೋಡಿದ್ರೆ ಒಂದು ಕ್ವಿಂಟಾಲ್‌ನ..."

"ಕಲ್ಲು ಬ್ಯಾಡ ಅಜ್ಜ" ಎಂದಳು ಅಂಕಿತಾ. "ಹಿಂದೆ ಸೈಕಲ್ ಬಂತಲ್ಲ, ಅಲ್ಲಿಂದ ಹೇಳು."