ಹಸಿರು ಟಿಕ್ಕಿನ ಪೀಕಲಾಟ

ಮೂರು ಖಂಡಗಳ ಆಫೀಸುಗಳಲ್ಲಿ ಚಾರ್ಟ್ ಮಾಡಿ ಬಂದವಳು ನಾನು. ಅಲ್ಲೆಲ್ಲೂ ಆಗದ್ದು ಬೆಂಗಳೂರಿನ ಪೀಣ್ಯದಲ್ಲಿ ವಾರಕ್ಕೊಂದು ಆಗುತ್ತದೆ. ಅಲ್ಲಿನ ಒಂದು ಕಾರ್ಖಾನೆಯ ಮಷಿನ್‌ಗಳು ದಿನಕ್ಕೆ ಎಷ್ಟು ಹೊತ್ತು ನಿಂತವು ಅನ್ನುವ ಚಾರ್ಟನ್ನು ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಕೋಡ್ ಬರೆದು ತಯಾರಿಸುತ್ತೇವೆ. ನಾನು ಪರಿಶೀಲಿಸಿದ ಮೇಲೆ ಮೂಲೆಯಲ್ಲೊಂದು ಹಸಿರು ಟಿಕ್, ಕೆಳಗೆ ನನ್ನ ಹೆಸರು. ಕಾರ್ಖಾನೆಯ ಮಾಲು ಕೊಳ್ಳುವ ಜರ್ಮನಿಯವರು ಆ ಟಿಕ್ಕನ್ನು ನಂಬಿದರಷ್ಟೇ ಮುಂದಿನ ವರ್ಷದ ಆರ್ಡರ್. ನಂಬದಿದ್ದರೆ ಕಾರ್ಖಾನೆಗೆ ಕೆಲಸವಿಲ್ಲ, ನನಗೆ ಮರ್ಯಾದೆಯಿಲ್ಲ.

೧. ಹಳೇ ಫೋಟೊ

ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿದರು. "ನಿಮ್ಮ ಚಾರ್ಟ್ ತಪ್ಪಿದೆ ಮೇಡಂ. ನನ್ನ ಹತ್ರ ಇರೋದೇ ಬೇರೆ."

ಕಳಿಸಿ ಅಂದೆ. ಬಂದದ್ದು ಯುಗಾದಿ ಹೊತ್ತಿನಲ್ಲಿ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಚಾರ್ಟಿನ ಫೋಟೊ.

"ಸಾರ್, ಇದು ಹಳೇದು."

"ಟಿಕ್ ಇದೆಯಲ್ಲ ಮೇಡಂ. ಹಳಸೋಕೆ ಅದೇನು ಹಾಲಾ?"

೨. ಸಣ್ಣ ಬದಲಾವಣೆ

ಮಷಿನ್ ನಿಂತದ್ದನ್ನು ತೋರಿಸುವ ಕೆಂಪು ಗೆರೆ ನೋಡಿದರೆ ಬಿಪಿ ಏರುತ್ತದೆ ಅಂತ ಅದೇ ಮ್ಯಾನೇಜರ್ ಗೊಣಗಿದ್ದರಂತೆ. ನಮ್ಮ ಆಫೀಸಿನ ಎಂಜಿನಿಯರೊಬ್ಬ ಕೋಡಿನಲ್ಲಿ ಕೆಂಪನ್ನು ಹಸಿರು ಮಾಡಿ, "ಸಣ್ಣ ಬದಲಾವಣೆ" ಅಂತ ಬರೆದು ನನ್ನ ಟಿಕ್ಕಿಗೆ ಕಳಿಸಿದ.

"ಮಷಿನ್ ರಿಪೇರಿ ಆಯ್ತೇನೋ?"

"ಇಲ್ಲ ಮೇಡಂ. ಆದ್ರೆ ನಿಂತಿದ್ರೂ ಈಗ ನೋಡೋಕೆ ಚೆನ್ನಾಗಿದೆ."

೩. ಕೆಂಪು ಚುಕ್ಕೆ

ತಿಂಗಳಿಗೊಮ್ಮೆ ಕಾರ್ಖಾನೆಯವರು ವಿಡಿಯೊ ಕಾಲ್ ಮಾಡಿ ಜರ್ಮನಿಯವರಿಗೆ ಶೆಡ್ಡಿನ ದೊಡ್ಡ ಟಿವಿಯಲ್ಲಿರುವ ಚಾರ್ಟ್ ತೋರಿಸುತ್ತಾರೆ. ಈ ಸಲ ಕಾಲ್ ಮುಗಿದದ್ದೇ ಮ್ಯಾನೇಜರ್ ಫೋನು.

"ಮೇಡಂ, ಚಾರ್ಟಲ್ಲಿ ಒಂದು ಕೆಂಪು ಚುಕ್ಕೆ. ಏನಿದು ಅಂತ ಅವರು ಕೇಳಿದ್ರು."

"ನೀವೇನಂದ್ರಿ?"

"ಆವತ್ತು ಕರೆಂಟ್ ಹೋಗಿತ್ತು, ಹೊಸ ಜನರೇಟರ್ ಹಾಕಿದೀವಿ ಅಂದೆ."

"ಹಾಕಿದೀರಾ?"

"ಹಾಕ್ತೀವಿ."

ಎರಡು ದಿನ ಕೋಡನ್ನು ಸಾಲು ಸಾಲಾಗಿ ಜಾಲಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚುಕ್ಕೆಯೇ ಇಲ್ಲ. ಮೂರನೇ ದಿನ ಪೀಣ್ಯಕ್ಕೆ ಹೊರಟೆ. ಆ ಟ್ರಾಫಿಕ್ಕಿನಲ್ಲಿ ಕಳೆದ ಹೊತ್ತಿಗೆ ವಿಮಾನದಲ್ಲಿ ದುಬೈ ಮುಟ್ಟಬಹುದಿತ್ತು. ಹೋದವಳೇ ಟಿವಿ ಆಫ್ ಮಾಡಿಸಿದೆ. ಚಾರ್ಟ್ ಹೋಯಿತು. ಚುಕ್ಕೆ ಹೋಗಲಿಲ್ಲ.

ಬಾಗಲಕೋಟೆ ಕಡೆಯ ಸೂಪರ್‌ವೈಸರ್ ತಣ್ಣಗೆ ಹೇಳಿದರು: "ಆಯುಧ ಪೂಜಾದ ಕುಂಕುಮ ರೀ ಮೇಡಮ್. ಎಲ್ಲಾ ಮಷಿನ್‌ಗೂ ಹಚ್ಚೇವಿ. ಟಿವಿ ಏನ್ ಪಾಪ ಮಾಡೈತ್ರಿ?"

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. "ಜರ್ಮನಿಯವರಿಗೆ ಹೇಳ್ಬೇಡಿ, ಆರ್ಡರ್ ಹೋಗತ್ತೆ. ಆ ಚುಕ್ಕೆನ ಕೋಡಲ್ಲೇ ಸೇರಿಸಿ ಟಿಕ್ ಕೊಟ್ಬಿಡಿ."

ಕೊಡಲಿಲ್ಲ. ಅದು ಲೆಕ್ಕವಲ್ಲ, ಮಷಿನ್‌ಗಳ ಪೂಜೆಗೆ ಹಚ್ಚಿದ ಪುಡಿ, ಜನರೇಟರೂ ಇನ್ನೂ ಬಂದಿಲ್ಲ ಅಂತ ಅಲ್ಲೇ ನಿಂತು ಜರ್ಮನಿಗೆ ಮೇಲ್ ಬರೆದೆ. ಮ್ಯಾನೇಜರ್ ನನ್ನ ಜತೆ ಮಾತು ಬಿಟ್ಟರು.

ಮೇಲ್ ಹೋದ ನಾಲ್ಕನೇ ದಿನ ಆರ್ಡರ್ ಬಂತು. ಜತೆಗೆ ನನ್ನ ಹೆಸರಿಗೆ ಒಂದು ಪತ್ರ: "ನಿಮ್ಮ ಟಿಕ್ ಇರುವ ಚಾರ್ಟಿನ ಪ್ರಕಾರ, ಆ ಪುಡಿ ಹಚ್ಚಿದ ಮೇಲೆ ಮಷಿನ್‌ಗಳು ನಿಂತದ್ದು ಕಡಿಮೆ. ಇಲ್ಲಿನ ನಮ್ಮ ಕಾರ್ಖಾನೆಗೂ ಬೇಕು. ಒಂದು ಮಷಿನ್‌ಗೆ ಎಷ್ಟು ಗ್ರಾಂ, ಎಷ್ಟು ತಿಂಗಳಿಗೊಮ್ಮೆ, ದಯವಿಟ್ಟು ತಿಳಿಸಿ."